ಸಮುದ್ರ ಇಲ್ಲದ ದೇಶಗಳು ಬಡವಾಗಿರುವುದು ಯಾಕೆ? ಹಾಗಾದರೆ ಸ್ವಿಟ್ಜರ್ಲೆಂಡ್ ಕಥೆ ಏನು?

ನಕ್ಷೆಪ್ರಿಯ

ತಮ್ಮನಿಗೆ ಬಿ.ಎ. ಭೂಗೋಳದಲ್ಲಿ ಈ ಸಲ ವಿಶ್ವದ ಪ್ರದೇಶಗಳ ಆರ್ಥಿಕತೆ, ಜನಜೀವನ ಅಂತ ಒಂದು ಪತ್ರಿಕೆ ಇದೆ. ಅವನ ನೋಟ್ಸಿನಲ್ಲಿ ಒಂದು ಸಾಲು: "ಕರಾವಳಿ ಇಲ್ಲದ ದೇಶಗಳು ಸಾಮಾನ್ಯವಾಗಿ ಹಿಂದುಳಿದಿರುತ್ತವೆ." ಅಷ್ಟೇ. ಯಾಕೆ ಅಂತ ಇಲ್ಲ.

ಲೆಕ್ಕ ನೋಡಿದರೆ ಆ ಸಾಲು ಸುಳ್ಳೇನಲ್ಲ. ಸಮುದ್ರ ಮುಟ್ಟದ ದೇಶಗಳು ಜಗತ್ತಿನಲ್ಲಿ 44. ಅದರಲ್ಲಿ 32 ದೇಶಗಳನ್ನು ವಿಶ್ವಸಂಸ್ಥೆ ಅಭಿವೃದ್ಧಿಶೀಲ ಅಂತ ಬೇರೆಯೇ ಪಟ್ಟಿ ಮಾಡಿದೆ. ಆಫ್ರಿಕಾದಲ್ಲೇ 16 ಇವೆ. ನೈಜರ್, ಚಾಡ್, ಬುರುಂಡಿ, ದಕ್ಷಿಣ ಸುಡಾನ್ ಬಡತನದ ಯಾವ ಪಟ್ಟಿಯಲ್ಲೂ ತಪ್ಪುವುದಿಲ್ಲ.

ಆದರೆ ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಲಕ್ಸೆಂಬರ್ಗಿಗೂ ಸಮುದ್ರ ಇಲ್ಲ. ಬೋಟ್ಸ್ವಾನಾಕ್ಕೂ ಇಲ್ಲ, ಅದು ಆಫ್ರಿಕಾದಲ್ಲಿ ಚೆನ್ನಾಗಿರುವ ದೇಶ. ಅತ್ತ ಸೊಮಾಲಿಯಾ, ಮೊಜಾಂಬಿಕ್, ಮಡಗಾಸ್ಕರ್‌ಗೆ ಸಾವಿರಾರು ಕಿಲೋಮೀಟರ್ ಕರಾವಳಿ ಇದ್ದೂ ಬಡತನ ಹೋಗಿಲ್ಲ. ಹಾಗಾದರೆ ಇದರಲ್ಲಿ ಭೂಗೋಳದ ಪಾಲು ಎಷ್ಟು? ತಿಳಿದವರು ಹೇಳಿ.

ಸುಮ್ನೆಕೇಳ್ದೆ

ಭೂಗೋಳದ ಪಾಲು ಸೊನ್ನೆ. ಸರಕಾರ ಸರಿ ಇದ್ದರೆ ಎಲ್ಲಾ ಸರಿ. ಸಮುದ್ರ ಗಿಮುದ್ರ ಎಲ್ಲ ನೆಪ.

ಬಂದರುಮನೆ

ಸುಮ್ನೆಕೇಳ್ದೆಯವರೇ, ಒಂದು ಕಂಟೇನರ್ ಬುಕ್ ಮಾಡಿ ನೋಡಿ ಮಾರಾಯ್ರೆ, ಆಮೇಲೆ ನೆಪ ಅನ್ನಿ.

ನನ್ನದು ಕ್ಲಿಯರಿಂಗ್ ಕೆಲಸ, ಅಂದರೆ ಮಾಲಿಗೆ ಕಸ್ಟಮ್ಸ್ ಬಿಡಿಸಿಕೊಡುವುದು. ಊರು ಮಂಗಳೂರು, ಈಗ ಇರುವುದು ಬೆಂಗಳೂರು. ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ವಿಷಯ ಅಂದರೆ, ಸಮುದ್ರದ ಮೇಲೆ ಸರಕು ಸಾಗಿಸುವುದು ತುಂಬಾ ಅಗ್ಗ. ಶಾಂಘೈಯಿಂದ ಕೀನ್ಯಾದ ಮೊಂಬಾಸಾ ಬಂದರಿಗೆ ಹಡಗಿನಲ್ಲಿ ಬರುವ ಕಂಟೇನರ್ ಪೆಟ್ಟಿಗೆಯ ಬಾಡಿಗೆಗೂ ಮೊಂಬಾಸಾದಿಂದ ಒಳನಾಡಿಗೆ ಲಾರಿಯಲ್ಲಿ ಹೋಗುವ ಬಾಡಿಗೆಗೂ ಹೋಲಿಸಿದರೆ, ದೂರಕ್ಕೂ ದುಡ್ಡಿಗೂ ಸಂಬಂಧವೇ ಇರುವುದಿಲ್ಲ.

ಹಾಗಂತ ಬರೀ ಕಿಲೋಮೀಟರ್ ಲೆಕ್ಕ ಅಂದುಕೊಳ್ಳಬೇಡಿ. ಬೆಂಗಳೂರಿಗೂ ಸಮುದ್ರ ಇಲ್ಲ. ವೈಟ್‌ಫೀಲ್ಡ್ ಕಂಟೇನರ್ ಡಿಪೋದಲ್ಲಿ ಕಸ್ಟಮ್ಸ್ ಮುಗಿಸಿ ಸೀಲ್ ಹಾಕಿದರೆ ಪೆಟ್ಟಿಗೆ ನೇರ ಚೆನ್ನೈಗೆ. ಒಂದೇ ದೇಶ, ಒಂದೇ ಕಾನೂನು, ಒಂದೇ ರೂಪಾಯಿ. ಅದೇ ಉಗಾಂಡಾದ ರಾಜಧಾನಿ ಕಂಪಾಲಾ ನೋಡಿ. ಮೊಂಬಾಸಾದಿಂದ ಸುಮಾರು 1,100 ಕಿ.ಮೀ. ನಡುವೆ ಇನ್ನೊಂದು ದೇಶದ ಗಡಿ. ಕೀನ್ಯಾದೊಳಗೇ ಮಾಲು ಮಾರಿಬಿಡುವುದಿಲ್ಲ ಅಂತ ಗ್ಯಾರಂಟಿಗೆ ಬಾಂಡ್ ಕೊಡಬೇಕು. ಗಡಿಯಲ್ಲಿ ಲಾರಿ ಸಾಲು. ಖಾಲಿ ಪೆಟ್ಟಿಗೆಯನ್ನು ಗಡುವಿನೊಳಗೆ ಬಂದರಿಗೆ ವಾಪಸ್ ಮುಟ್ಟಿಸದಿದ್ದರೆ ಶಿಪ್ಪಿಂಗ್ ಲೈನಿನವರು ಡಿಟೆನ್ಷನ್ ಚಾರ್ಜ್ ಹಾಕುತ್ತಾರೆ.

ಇನ್ನೊಂದು, ಲಾರಿ ಹೋಗುವಾಗ ತುಂಬಿ ಹೋಗುತ್ತದೆ, ಬರುವಾಗ ಖಾಲಿ. ಇಂಥ ದೇಶಗಳು ತರಿಸುವುದು ಜಾಸ್ತಿ, ಕಳಿಸುವುದು ಕಡಿಮೆ. ಖಾಲಿ ಬರುವ ಡೀಸೆಲ್ ಖರ್ಚನ್ನೂ ಹೋಗುವ ಮಾಲಿನ ಮೇಲೇ ಹಾಕುತ್ತಾರೆ. ಕಂಪಾಲಾದ ಅಂಗಡಿಯವನು ಎರಡೂ ಕಡೆಯ ಬಾಡಿಗೆ ಕೊಟ್ಟ ಹಾಗಾಯಿತು.

ಇಷ್ಟೆಲ್ಲಕ್ಕಿಂತ ಕೆಟ್ಟದ್ದು ಯಾವ ದಿನ ಮಾಲು ಬರುತ್ತದೆ ಅಂತ ಗೊತ್ತಿಲ್ಲದೆ ಇರುವುದು. ಇಪ್ಪತ್ತು ದಿನ ಅಂದರೆ ಇಪ್ಪತ್ತೇ ದಿನ ಆಗುವುದಾದರೆ ಹೇಗೋ ವ್ಯಾಪಾರ ಮಾಡಬಹುದು. ಹತ್ತೂ ಆಗಬಹುದು, ನಲವತ್ತೂ ಆಗಬಹುದು ಅಂದರೆ ಕಾರ್ಖಾನೆಯವನು ಗೋದಾಮು ತುಂಬಾ ಕಚ್ಚಾ ಮಾಲು ಇಟ್ಟುಕೊಳ್ಳಬೇಕು. ಅವನ ದುಡ್ಡೆಲ್ಲ ಅಲ್ಲೇ ಕೂತಿರುತ್ತದೆ. ತಿರುಪುರದ ಹಾಗೆ ತಿಂಗಳು ತಿಂಗಳು ಬಟ್ಟೆ ಆರ್ಡರ್ ಹಿಡಿಯುವ ಉದ್ಯಮ ಅಂಥ ಕಡೆ ಬೆಳೆಯುವುದು ಬಹಳ ಕಷ್ಟ.

ಸುಮ್ನೆಕೇಳ್ದೆ

ರಸ್ತೆ ಸರಿ ಮಾಡಿ, ಗಡಿಯಲ್ಲಿ ಲಂಚ ನಿಲ್ಲಿಸಿ. ಮತ್ತೆ ಸರಕಾರದ ಮಾತೇ ಬಂತಲ್ಲ ಸರ್.

ಪಿಯು_ಭೂಗೋಳ_ಮೇಡಂ

ಬಂತು. ಆದರೆ ಯಾರ ಸರಕಾರ ಅನ್ನುವುದು ಪ್ರಶ್ನೆ. ಉಗಾಂಡಾದವರು ತಮ್ಮ ರಸ್ತೆ ಎಷ್ಟೇ ಚೆನ್ನಾಗಿ ಮಾಡಿಕೊಂಡರೂ ಕೀನ್ಯಾದ ರಸ್ತೆ ಅವರ ಕೈಯಲ್ಲಿಲ್ಲ. 2007ರ ಕೊನೆಯಲ್ಲಿ ಕೀನ್ಯಾದ ಚುನಾವಣೆ ಜಗಳಕ್ಕೆ ತಿರುಗಿತು. 2008ರ ಶುರುವಿನಲ್ಲಿ ನೈರೋಬಿಯಲ್ಲಿ ಜನ ರೈಲು ಹಳಿಯನ್ನೇ ಕಿತ್ತರು. ಉಗಾಂಡಾ, ರುವಾಂಡಾದಲ್ಲಿ ಪೆಟ್ರೋಲ್ ಇಲ್ಲದ ಹಾಗಾಯಿತು. ಆ ಚುನಾವಣೆಯಲ್ಲಿ ಇವರಿಗೇನು ಓಟಿತ್ತೇ?

ನಾನು ತರಗತಿಯಲ್ಲಿ ಜಾಂಬಿಯಾದ ಕಥೆ ಹೇಳುತ್ತೇನೆ. ಅದರಷ್ಟು ಸ್ಪಷ್ಟ ಉದಾಹರಣೆ ಇನ್ನೊಂದಿಲ್ಲ. 1964ರಲ್ಲಿ ಸ್ವತಂತ್ರವಾಯಿತು. ಕೈತುಂಬಾ ತಾಮ್ರ. ತಾಮ್ರ ಹೊರಗೆ ಹೋಗುತ್ತಿದ್ದದ್ದು ಮುಖ್ಯವಾಗಿ ದಕ್ಷಿಣಕ್ಕೆ, ಈಗ ಜಿಂಬಾಬ್ವೆ ಆಗಿರುವ ರೊಡೇಷಿಯಾದ ರೈಲಿನಲ್ಲಿ. ಮರುವರ್ಷವೇ, 1965ರಲ್ಲಿ, ಅಲ್ಲಿನ ಬಿಳಿಯರ ಸರಕಾರ ಬ್ರಿಟನ್ನಿಗೆ ಸಡ್ಡು ಹೊಡೆದು ತಾನೇ ಸ್ವಾತಂತ್ರ್ಯ ಘೋಷಿಸಿಕೊಂಡಿತು. ನಿರ್ಬಂಧಗಳು ಬಂದವು. ಜಾಂಬಿಯಾದ ದಾರಿ ಇಕ್ಕಟ್ಟಾಯಿತು.

ಪಶ್ಚಿಮಕ್ಕೆ ಅಂಗೋಲಾದ ಬೆಂಗುವೆಲಾ ರೈಲಿತ್ತು, ಲೋಬಿಟೊ ಬಂದರಿಗೆ. 1975ರಲ್ಲಿ ಅಂಗೋಲಾದಲ್ಲಿ ಅಂತರ್ಯುದ್ಧ ಶುರುವಾಗಿ ಅದೂ ಮುಚ್ಚಿತು. ಪೂರ್ವಕ್ಕೆ ಅಂತ ಚೀನಾದವರು 1970ರಿಂದ 1975ರವರೆಗೆ ತಾಂಜಾನಿಯಾದ ದಾರ್ ಎಸ್ ಸಲಾಮ್‌ನಿಂದ ಜಾಂಬಿಯಾದ ಕಪಿರಿ ಎಂಪೋಶಿಗೆ 1,860 ಕಿ.ಮೀ. ರೈಲು ಹಾಕಿಕೊಟ್ಟರು. ಅದೇ ಟಜಾರಾ. ಚೀನಾ ಆಗಿನ್ನೂ ಸ್ವತಃ ಬಡ ದೇಶ, ನೆನಪಿರಲಿ. ರೈಲು ಬಂತು, ಆದರೆ ಅದೇ ಹೊತ್ತಿಗೆ ತಾಮ್ರದ ಬೆಲೆ ಬಿತ್ತು. ಆಮೇಲೆ ರೈಲಿನ ಎಂಜಿನ್ನಿಗೆ ಬಿಡಿಭಾಗ ಇಲ್ಲ, ದಾರ್ ಬಂದರಿನಲ್ಲಿ ಜಾಗ ಇಲ್ಲ.

ಮಲಾವಿಯದ್ದೂ ಇದೇ ಗೋಳು. ನಕಾಲಾ, ಬೈರಾ ಬಂದರುಗಳು ಪಕ್ಕದ ಮೊಜಾಂಬಿಕ್‌ನಲ್ಲಿ. ಅಲ್ಲಿ 1977ರಿಂದ 1992ರವರೆಗೆ ಅಂತರ್ಯುದ್ಧ. ಹತ್ತಿರದ ಬಂದರು ಬಿಟ್ಟು ದಕ್ಷಿಣ ಆಫ್ರಿಕಾದ ಡರ್ಬನ್‌ವರೆಗೆ ಸುತ್ತಿಕೊಂಡು ಹೋಗಬೇಕಾಯಿತು.

ಜೋಳದಹೊಲ

ದಕ್ಷಿಣ ಸುಡಾನ್ ಬಿಟ್ಟಿರಲ್ಲ ಮೇಡಂ. 2011ರಲ್ಲಿ ಬೇರೆ ದೇಶ ಆಯಿತು. ಎಣ್ಣೆ ಬಾವಿಗಳಲ್ಲಿ ಬಹುಪಾಲು ಇವರಿಗೆ ಬಂತು, ಪೈಪು ಮತ್ತು ಬಂದರು ಸುಡಾನ್‌ಗೆ ಉಳಿಯಿತು. ಪೈಪಿನ ಬಾಡಿಗೆ ಎಷ್ಟು ಅಂತ ಜಗಳ ಆಗಿ 2012ರಲ್ಲಿ ಇವರೇ ಎಣ್ಣೆ ತೆಗೆಯುವುದನ್ನು ನಿಲ್ಲಿಸಿಬಿಟ್ಟರು. ಸರಕಾರದ ಆದಾಯ ಹೆಚ್ಚುಕಡಿಮೆ ಪೂರ್ತಿ ಅದೇ ಆಗಿತ್ತು! ಮತ್ತೆ ಶುರುವಾಗಿದ್ದು 2013ರಲ್ಲಿ. 2024ರಲ್ಲಿ ಸುಡಾನ್ ಯುದ್ಧದ ನಡುವೆ ಪೈಪು ಒಡೆದು ಮತ್ತೆ ತಿಂಗಳುಗಟ್ಟಲೆ ನಿಂತಿತು.

ರೈನ್‌ದಂಡೆ

ನಾನು ಬಾಸೆಲ್‌ನಲ್ಲಿದ್ದೇನೆ, ಔಷಧ ಕ್ಷೇತ್ರದಲ್ಲಿ ಕೆಲಸ. ಸ್ವಿಟ್ಜರ್ಲೆಂಡಿನ ಪ್ರಶ್ನೆಗೆ ನಾನು ಕಂಡಿದ್ದು ಹೇಳುತ್ತೇನೆ.

ಮೊದಲಿಗೆ, ಇಲ್ಲಿ ಬಂದರು ಇದೆ. ಬಾಸೆಲ್‌ನಲ್ಲಿ ರೈನ್ ನದಿಯ ಮೇಲೆ. ಕ್ರೇನು, ಕಂಟೇನರು, ಎಣ್ಣೆ ಟ್ಯಾಂಕು ಎಲ್ಲಾ ಇದೆ. ಇಲ್ಲಿಂದ ದೋಣಿ ಹೊರಟರೆ ನೇರ ನೆದರ್ಲೆಂಡ್ಸ್‌ನ ಸಮುದ್ರ ಬಂದರು ರಾಟರ್‌ಡ್ಯಾಮ್. ದೇಶಕ್ಕೆ ಬರುವ ಮಾಲಿನಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಈ ದಾರಿಯಲ್ಲೇ ಬರುತ್ತದೆ. 1868ರ ಮಾನ್‌ಹೈಮ್ ಒಪ್ಪಂದದ ಪ್ರಕಾರ ರೈನ್ ಮೇಲೆ ಸಂಚಾರ ಮುಕ್ತ, ಸುಂಕ ಹಾಕುವ ಹಾಗಿಲ್ಲ. ಸಮುದ್ರದಲ್ಲಿ ಸ್ವಿಸ್ ಧ್ವಜದ ಹಡಗುಗಳೂ ಓಡಾಡುತ್ತವೆ ಅಂದರೆ ಊರಿನವರು ನಗುತ್ತಾರೆ, ಆದರೆ ನಿಜ. ತೊಂದರೆಯೂ ಇದೆ. 2018, 2022ರಲ್ಲಿ ರೈನ್ ಬತ್ತಿ ದೋಣಿಗಳು ಅರ್ಧಂಬರ್ಧ ತುಂಬಿಕೊಂಡು ಓಡಾಡಿದವು.

ಅದಕ್ಕಿಂತ ದೊಡ್ಡ ವಿಷಯ, ಸುತ್ತ ಇರುವವರು ಯಾರು? ಜರ್ಮನಿ, ಫ್ರಾನ್ಸ್, ಇಟಲಿ, ಆಸ್ಟ್ರಿಯಾ. ಇವು ಬರೀ ದಾರಿಗಳಲ್ಲ, ಇವೇ ಗಿರಾಕಿಗಳು. ಅರ್ಧ ವ್ಯಾಪಾರಕ್ಕೆ ಸಮುದ್ರವೇ ಬೇಕಿಲ್ಲ. ಉಗಾಂಡಾ ತನ್ನ ಕಾಫಿಯನ್ನು ಕಾಂಗೋಗೆ ಮಾರಿ ಶ್ರೀಮಂತ ಆಗಲಿಕ್ಕೆ ಆಗುತ್ತದಾ?

ಇಲ್ಲಿಂದ ಹೋಗುವ ಮಾಲನ್ನೂ ನೋಡಿ. ಔಷಧ, ಕೈಗಡಿಯಾರ, ಯಂತ್ರ. ಒಂದು ಸೂಟ್‌ಕೇಸ್ ತುಂಬಾ ಕ್ಯಾನ್ಸರ್ ಮದ್ದಿನ ಬೆಲೆ ಒಂದು ರೈಲು ಜೋಳಕ್ಕಿಂತ ಜಾಸ್ತಿ ಇರಬಹುದು. ಸಾಗಣೆ ಖರ್ಚು ಅದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಆದರೆ ಇವರು ಮೊದಲಿನಿಂದ ಹೀಗಿರಲಿಲ್ಲ. 1816ರಲ್ಲಿ ಬೇಸಿಗೆಯೇ ಬರಲಿಲ್ಲ, ಬೆಳೆ ಹೋಯಿತು, ಹಸಿವು. ಅದಾದ ಮೇಲೆ ಹೊರಟ ಸ್ವಿಸ್ ಕುಟುಂಬಗಳು ಬ್ರೆಜಿಲ್‌ನಲ್ಲಿ ನೋವಾ ಫ್ರಿಬುರ್ಗೊ ಅನ್ನುವ ಊರನ್ನೇ ಕಟ್ಟಿದವು. ಬೆಟ್ಟ ಆಗಲೂ ಇತ್ತು, ಈಗಲೂ ಇದೆ. ಬೆಟ್ಟ ಕೊರೆದು 1882ರಲ್ಲಿ ಗೊಟ್‌ಹಾರ್ಡ್ ರೈಲು ಸುರಂಗ ತೆರೆದರು. 2016ರಲ್ಲಿ ಅದರ ಬುಡದಲ್ಲೇ 57 ಕಿ.ಮೀ. ಉದ್ದದ ಇನ್ನೊಂದು ಸುರಂಗ ತೆರೆದರು. ಈಗ ಜರ್ಮನಿ ಮತ್ತು ಇಟಲಿ ನಡುವೆ ಹೋಗುವ ಮಾಲಿಗೆ ಇವರೇ ದಾರಿ.

ಸುಮ್ನೆಕೇಳ್ದೆ

ಸುರಂಗ ತಾನಾಗಿ ಆಗಲಿಲ್ಲವಲ್ಲ. ಮನುಷ್ಯರು ಕೊರೆದದ್ದು. ನನ್ನ ಮಾತಿಗೇ ಬಂದಿರಿ. :)

ನಕ್ಷೆಪ್ರಿಯ

ಸೂಟ್‌ಕೇಸ್ ಲೆಕ್ಕ ಚೆನ್ನಾಗಿದೆ. ಹಾಗಾದರೆ ಬೋಟ್ಸ್ವಾನಾ ಉಳಿದದ್ದೂ ಅದರಿಂದಲೇ ಅಲ್ವಾ? ವಜ್ರಕ್ಕೆ ತೂಕವೇ ಇಲ್ಲ. 1966ರಲ್ಲಿ ಸ್ವಾತಂತ್ರ್ಯ, 1967ರಲ್ಲಿ ಒರಾಪಾದಲ್ಲಿ ವಜ್ರ ಸಿಕ್ಕಿತು. ಗಣಿ ಕಂಪನಿಯಲ್ಲಿ ಸರಕಾರದ್ದು ಅರ್ಧ, ಡಿ ಬಿಯರ್ಸ್‌ದು ಅರ್ಧ.

ಸುಮ್ನೆಕೇಳ್ದೆ

ವಜ್ರ ಸಿಯೆರಾ ಲಿಯೋನ್‌ನಲ್ಲೂ ಇತ್ತು. ಅವರಿಗೆ ಸಮುದ್ರವೂ ಇತ್ತು, ಫ್ರೀಟೌನ್‌ನಂಥ ಒಳ್ಳೆಯ ಬಂದರೂ ಇತ್ತು. 1991ರಿಂದ 2002ರವರೆಗೆ ಅಂತರ್ಯುದ್ಧ. ಭೂಗೋಳದಲ್ಲಿ ಅವರೇ ಮುಂದಿದ್ದರು, ಏನಾಯಿತು?

ಪಿಯು_ಭೂಗೋಳ_ಮೇಡಂ

ಇದು ನಿಮ್ಮ ಒಳ್ಳೆಯ ಪಾಯಿಂಟ್. ಒಪ್ಪುತ್ತೇನೆ. ಸ್ವಲ್ಪ ಸೇರಿಸಲೇ? ಸಿಯೆರಾ ಲಿಯೋನ್‌ನ ವಜ್ರ ಹೊಳೆ ಮರಳಿನಲ್ಲಿ ಸಿಗುವಂಥದ್ದು. ಸಲಿಕೆ, ಜರಡಿ ಇದ್ದವರೆಲ್ಲ ಅಗೆಯಬಹುದು, ಬಂದೂಕು ಇದ್ದವರು ಕಿತ್ತುಕೊಳ್ಳಬಹುದು. ಬೋಟ್ಸ್ವಾನಾದ್ದು ನೆಲದ ಆಳದ ಕಲ್ಲಿನಲ್ಲಿ. ದೊಡ್ಡ ಯಂತ್ರ, ದೊಡ್ಡ ಬಂಡವಾಳ ಬೇಕು. ಬೇಲಿ ಹಾಕಿ ಕಾಯಬಹುದು, ತೆರಿಗೆ ಎತ್ತಬಹುದು. ಹಾಗಾಗಿ ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಮತ್ತು ಅವರ ನಂತರದವರ ಆಡಳಿತಕ್ಕೆ ಹೊಗಳಿಕೆ ಸಲ್ಲಬೇಕು, ಕಲ್ಲಿಗೂ ಸ್ವಲ್ಪ ಸಲ್ಲಬೇಕು.

ಬೋಟ್ಸ್ವಾನಾವನ್ನು ತೀರಾ ಆದರ್ಶ ಮಾಡುವುದೂ ಬೇಡ. ಜನಸಂಖ್ಯೆ ಸುಮಾರು 25 ಲಕ್ಷ, ಹಂಚಲಿಕ್ಕೆ ಸುಲಭ. ವಜ್ರ ಬಿಟ್ಟರೆ ರಫ್ತಿಗೆ ದೊಡ್ಡದೇನೂ ಇಲ್ಲ, ನಿರುದ್ಯೋಗ ಜಾಸ್ತಿ. ಲ್ಯಾಬ್‌ನಲ್ಲಿ ಮಾಡಿದ ವಜ್ರ ಬಂದ ಮೇಲೆ ಬೆಲೆ ಬಿದ್ದು ಅವರಿಗೆ ಈಗ ಕಷ್ಟ ಶುರುವಾಗಿದೆ. ಸೂರತ್‌ನ ಕುಶಲಕರ್ಮಿಗಳಿಗೆ ಕೆಲಸ ಕಡಿಮೆಯಾದದ್ದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು.

ಇಂಜೆರಾ_ಮೇಷ್ಟ್ರು

ತಡವಾಗಿ ಸೇರಿಕೊಳ್ಳುತ್ತಿದ್ದೇನೆ. ಇಥಿಯೋಪಿಯಾದ ಒಂದು ವಿಶ್ವವಿದ್ಯಾಲಯದಲ್ಲಿ ಕೆಲವು ವರ್ಷ ಪಾಠ ಮಾಡಿದ್ದೆ. ಭಾರತದಿಂದ ಹೋದ ಅಧ್ಯಾಪಕರು ಅಲ್ಲಿ ಬಹಳ, ಅದರಲ್ಲಿ ಕನ್ನಡದವರೂ ಇದ್ದೆವು.

ಸಮುದ್ರ ಇಲ್ಲದ ದೇಶಗಳಲ್ಲಿ ಅತಿ ಹೆಚ್ಚು ಜನ ಇರುವುದು ಅಲ್ಲೇ, 12 ಕೋಟಿ ದಾಟಿದೆ. 1993ರವರೆಗೆ ಅವರಿಗೆ ಸಮುದ್ರ ಇತ್ತು. ಎರಿಟ್ರಿಯಾ ಸ್ವತಂತ್ರ ಆದ ಮೇಲೆ ಕರಾವಳಿ ಪೂರ್ತಿ ಆ ಕಡೆ ಹೋಯಿತು. ಆದರೂ ಎರಿಟ್ರಿಯಾದ ಅಸಬ್ ಬಂದರು ಬಳಸುತ್ತಿದ್ದರು. 1998ರಲ್ಲಿ ಇಬ್ಬರಿಗೂ ಯುದ್ಧ ಹತ್ತಿ ಆ ಬಾಗಿಲೂ ಮುಚ್ಚಿತು. ಈಗ ವ್ಯಾಪಾರದ ಶೇ. 90ಕ್ಕೂ ಹೆಚ್ಚು ಪಕ್ಕದ ಪುಟ್ಟ ದೇಶ ಜಿಬೂಟಿ ಒಂದರ ಮೂಲಕ.

ನಕ್ಷೆಯಲ್ಲಿ ಕಾಣದ ವಿಷಯ ಎತ್ತರ. ಜಿಬೂಟಿ ಸಮುದ್ರ ಮಟ್ಟದಲ್ಲಿದೆ, ಅಡಿಸ್ ಅಬಾಬಾ 2,300 ಮೀಟರಿಗಿಂತ ಮೇಲೆ. ಬಿಸಿಲು ಕಾಯುವ ಅಫಾರ್ ಬಯಲಿನಿಂದ ತುಂಬಿದ ಲಾರಿ ಇಷ್ಟು ಎತ್ತರ ಹತ್ತಬೇಕು. ಫ್ರೆಂಚರು ಹಾಕಿದ ಹಳೇ ರೈಲು 1917ರಲ್ಲಿ ಅಡಿಸ್ ಮುಟ್ಟಿತ್ತು, ಆಮೇಲೆ ಹಾಳಾಯಿತು. ಚೀನಾದವರು ಕಟ್ಟಿದ ವಿದ್ಯುತ್ ರೈಲು, ಸುಮಾರು 750 ಕಿ.ಮೀ., 2016ರಲ್ಲಿ ಉದ್ಘಾಟನೆ ಆಗಿ 2018ರಲ್ಲಿ ಓಡಲು ಶುರುವಾಯಿತು. ಇಷ್ಟಾದರೂ ಮಾಲಿನ ಬಹುಪಾಲು ಇನ್ನೂ ಲಾರಿಯಲ್ಲೇ. ಮೊಜೊ ಒಣ ಬಂದರಿನ (ಒಳನಾಡಿನ ಕಂಟೇನರ್ ಡಿಪೋ) ಹತ್ತಿರ ಹೋದರೆ ಲಾರಿಗಳ ಸಾಲು ಮುಗಿಯುವುದೇ ಇಲ್ಲ.

ಪೇಟೆಯಲ್ಲಿ ಇದರ ಬಿಸಿ ಗೊತ್ತಾಗುತ್ತಿತ್ತು. ನಮ್ಮಲ್ಲಿ ಬೀದಿಬದಿಯಲ್ಲಿ ಸಿಗುವ ಪ್ಲಾಸ್ಟಿಕ್ ಬಕೆಟ್, ಮಿಕ್ಸಿ, ಟೈರು ಅಲ್ಲಿ ಬೆಲೆ ಕೇಳಿದರೆ ಗಾಬರಿ ಆಗಬೇಕು. ಡಾಲರ್ ಅಭಾವವೂ ಅದಕ್ಕೆ ಸೇರಿಕೊಳ್ಳುತ್ತಿತ್ತು. ನೆಲದಲ್ಲಿ ಬೆಳೆದದ್ದು ಮಾತ್ರ ಅಗ್ಗ. ಕಾಫಿ, ಟೆಫ್ ಅನ್ನುವ ಧಾನ್ಯ, ಬೇಳೆ.

ಇನ್ನು ಅವರು ಹುಡುಕಿಕೊಂಡ ಉಪಾಯ ನೋಡಿ. ಸಮುದ್ರ ಇಲ್ಲ, ವಿಮಾನ ಇದೆ. ಇಥಿಯೋಪಿಯನ್ ಏರ್‌ಲೈನ್ಸ್ ಆಫ್ರಿಕಾದಲ್ಲೇ ದೊಡ್ಡದು. ಹೊಲೆಟಾ, ಜಿವಾಯ್ ಕಡೆ ಗುಲಾಬಿ ತೋಟ ಹಾಕಿದರು. ಭೂಮಧ್ಯರೇಖೆಯ ಹತ್ತಿರದ ಬಿಸಿಲು, ಎತ್ತರದ ತಂಪು ರಾತ್ರಿ, ಎರಡೂ ಗುಲಾಬಿಗೆ ಬೇಕಾದದ್ದೇ. ಬೆಳಗ್ಗೆ ಕೊಯ್ದ ಹೂವು ರಾತ್ರಿ ವಿಮಾನ ಹತ್ತಿ ನೆದರ್ಲೆಂಡ್ಸ್‌ಗೆ ಹೋಗುತ್ತದೆ. ಹೊಸಕೋಟೆ, ದೊಡ್ಡಬಳ್ಳಾಪುರದವರಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ. ಬೆಂಗಳೂರಿನ ಒಂದು ಗುಲಾಬಿ ಕಂಪನಿಯೇ ಅಲ್ಲಿಗೆ ಹೋಗಿ ಹೂವು ಬೆಳೆಯಿತು. ಆಮೇಲೆ ಪಶ್ಚಿಮದ ಗಡಿಯ ಗಂಬೆಲಾದಲ್ಲಿ 1 ಲಕ್ಷ ಹೆಕ್ಟೇರ್ ಗುತ್ತಿಗೆ ಹಿಡಿದು ಆಹಾರ ಬೆಳೆಗೆ ಇಳಿಯಿತು. ಅಲ್ಲಿ ಬಾರೊ ನದಿ ಉಕ್ಕಿ ಹೊಲ ಮುಳುಗಿತು, ನೆಲ ಕಳೆದುಕೊಂಡವರ ಪರ ದೊಡ್ಡ ಕೂಗೆದ್ದಿತು, ಕೊನೆಗೆ ಸರಕಾರ ಗುತ್ತಿಗೆ ರದ್ದು ಮಾಡಿತು. ವಿಮಾನ ನಿಲ್ದಾಣದ ಹತ್ತಿರ ಹೂವು ಬೆಳೆಯುವುದು ಬೇರೆ. ರಸ್ತೆ ಸರಿ ಇಲ್ಲದ ಗಡಿಭಾಗದಲ್ಲಿ ಜೋಳ ಬೆಳೆಯುವುದು ಪೂರ್ತಿ ಬೇರೆ.

ಬಂದರುಮನೆ

ಮೇಷ್ಟ್ರೇ, ರೈಲಿನಲ್ಲಿ ಮಾಲು ಯಾಕೆ ಜಾಸ್ತಿ ಹೋಗುತ್ತಿಲ್ಲ ಅನ್ನುವುದಕ್ಕೆ ನನ್ನ ಅಂದಾಜು: ಲಾರಿ ಗೋದಾಮಿನ ಬಾಗಿಲಿಗೇ ಬರುತ್ತದೆ. ರೈಲಾದರೆ ಎರಡು ಕಡೆ ಇಳಿಸಿ ಹತ್ತಿಸಬೇಕು. ಕೊನೆಯ ನಾಲ್ಕು ಕಿ.ಮೀ.ಗೆ ಮತ್ತೆ ಲಾರಿಯೇ ಬೇಕು. ನಮ್ಮಲ್ಲೂ ಇದೇ ಗೋಳು.

ತುಂಗೆಯಮಗಳು

ಎಲ್ಲರೂ ಸರಕಿನ ಬಗ್ಗೆಯೇ ಬರೆಯುತ್ತಿದ್ದೀರಿ. ಜನರ ಬಗ್ಗೆ ಯಾರೂ ಹೇಳಲಿಲ್ಲ. ಪತ್ರಿಕೆಯಲ್ಲಿ ಜನಜೀವನವೂ ಇದೆಯಲ್ಲ?

ಸರಕು ಹೊರಗೆ ಹೋಗುವುದು ಕಷ್ಟ ಆದ ಕಡೆ ಜನ ಹೋಗುತ್ತಾರೆ. ಬೆಂಗಳೂರಿನಲ್ಲಿ ಯಾವ ಅಪಾರ್ಟ್‌ಮೆಂಟ್ ಗೇಟಿಗೆ, ಯಾವ ಹೋಟೆಲ್ ಅಡುಗೆಮನೆಗೆ ಹೋದರೂ ನೇಪಾಳದವರು ಸಿಗುತ್ತಾರೆ. ಗಲ್ಫ್, ಮಲೇಷ್ಯಾದಲ್ಲಿ ಇನ್ನೂ ಜಾಸ್ತಿ. ಹೊರಗಿನಿಂದ ಬರುವ ದುಡ್ಡು ನೇಪಾಳದ ಒಟ್ಟು ಆದಾಯದ ಕಾಲು ಭಾಗದ ಆಸುಪಾಸು. ತಜಿಕಿಸ್ತಾನದ ಗಂಡಸರು ರಷ್ಯಾಕ್ಕೆ, ಲೆಸೊಥೊದವರು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗೆ, ಬುರ್ಕಿನಾ ಫಾಸೊದವರು ಐವರಿ ಕೋಸ್ಟ್‌ನ ಕೋಕೋ ತೋಟಕ್ಕೆ. ಐವರಿ ಕೋಸ್ಟ್‌ನ ಬಂದರು ಅಬಿಜಾನ್‌ನಿಂದ ಬುರ್ಕಿನಾದ ರಾಜಧಾನಿ ಊಗಡೂಗುಗೆ 1954ರಲ್ಲಿ ರೈಲು ಮುಟ್ಟಿತು. ಅದು ಮಾಲು ತಂದದ್ದೂ ಹೌದು, ಕೂಲಿಗಳನ್ನು ಕೆಳಗೆ ಇಳಿಸಿದ್ದೂ ಹೌದು. 2002ರಲ್ಲಿ ಐವರಿ ಕೋಸ್ಟ್‌ನಲ್ಲಿ ಗಲಭೆ ಆದಾಗ ರೈಲೂ ನಿಂತಿತು, ಲಕ್ಷಾಂತರ ಜನ ಊರಿಗೆ ಓಡಿಬಂದರು. ಪಕ್ಕದ ಮನೆಯ ಜಗಳದ ಪೆಟ್ಟು ಎರಡೂ ಕಡೆಯಿಂದ ಬಿತ್ತು.

ನೇಪಾಳದ ವಿಷಯದಲ್ಲಿ ಆ ಪಕ್ಕದ ಮನೆ ನಾವೇ. ಇದನ್ನೂ ಹೇಳಬೇಕು. ಅವರ ಮಾಲು ಬರುವುದು ಕೋಲ್ಕತಾ, ಹಲ್ದಿಯಾ, ಈಚೆಗೆ ವಿಶಾಖಪಟ್ಟಣದಿಂದ. 1989ರಲ್ಲಿ ವ್ಯಾಪಾರ ಒಪ್ಪಂದದ ಅವಧಿ ಮುಗಿದಾಗ ಭಾರತ ಗಡಿಯ ದಾರಿಗಳಲ್ಲಿ ಎರಡನ್ನು ಬಿಟ್ಟು ಉಳಿದದ್ದು ಮುಚ್ಚಿತು. 2015ರಲ್ಲಿ ಭೂಕಂಪ ಆಗಿ ಕೆಲವೇ ತಿಂಗಳಿಗೆ ಮತ್ತೆ ದಾರಿ ಬಂದ್. ನೇಪಾಳ ಭಾರತವನ್ನು ದೂರಿತು, ಭಾರತ ಅದು ನೇಪಾಳದ ದಕ್ಷಿಣ ಬಯಲಿನ ಮಧೇಶಿಗಳ ಪ್ರತಿಭಟನೆಯಿಂದ ಅಂದಿತು. ಯಾರದ್ದೇ ತಪ್ಪಿರಲಿ, ಚಳಿಗಾಲದಲ್ಲಿ ಗ್ಯಾಸ್ ಇಲ್ಲದೆ ಸೌದೆ ಒಲೆ ಹಚ್ಚಿದ್ದು ಕಠ್ಮಂಡುವಿನ ಜನ. ಅದಾದ ಮೇಲೆ ನೇಪಾಳ ಚೀನಾ ಜೊತೆ ಸಾಗಣೆ ಒಪ್ಪಂದ ಮಾಡಿಕೊಂಡಿತು. 2019ರಲ್ಲಿ ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮ್ಲೇಖ್‌ಗಂಜ್‌ಗೆ 69 ಕಿ.ಮೀ. ಎಣ್ಣೆ ಪೈಪೂ ಬಂತು. ಅದನ್ನು ಹಾಕಿದ್ದು ಭಾರತವೇ.

ಜೋಳದಹೊಲ

ಬೊಲಿವಿಯಾ ಬಗ್ಗೆಯೂ ಎರಡು ಮಾತು. 1879ರಲ್ಲಿ ಶುರುವಾದ ಯುದ್ಧದಲ್ಲಿ ಚಿಲಿ ಅವರ ಕರಾವಳಿ ಪೂರ್ತಿ ಕಿತ್ತುಕೊಂಡಿತು. ಇವತ್ತಿಗೂ ಅವರಿಗೆ ನೌಕಾಪಡೆ ಇದೆ, ಟಿಟಿಕಾಕಾ ಸರೋವರದ ಮೇಲೆ! ಪ್ರತಿ ಮಾರ್ಚ್ 23ಕ್ಕೆ ಸಮುದ್ರ ದಿನ ಆಚರಿಸುತ್ತಾರೆ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೂ ಹೋದರು. ಮಾತುಕತೆ ನಡೆಸಲೇಬೇಕು ಅನ್ನುವ ಕಟ್ಟುಪಾಡು ಚಿಲಿಗೆ ಇಲ್ಲ ಅಂತ 2018ರಲ್ಲಿ ತೀರ್ಪು ಬಂತು.

ಸುಮ್ನೆಕೇಳ್ದೆ

ಸಮುದ್ರ ಸಿಕ್ಕಿದ್ದರೆ ಬೊಲಿವಿಯಾ ಶ್ರೀಮಂತ ಆಗುತ್ತಿತ್ತಾ? ಪೆರುವಿಗೆ ಸಮುದ್ರ ಇದೆ, ಅದರ ಬೆಟ್ಟದ ಮೇಲಿನ ಹಳ್ಳಿಗಳೂ ಬಡವೇ. ಪರಾಗ್ವೆ ನೋಡಿ. ಸಮುದ್ರ ಇಲ್ಲ ಅಂತ ಅಳುತ್ತಾ ಕೂರಲಿಲ್ಲ. ಪರಾನಾ ನದಿಯಲ್ಲಿ ಬಾರ್ಜ್ ಬಿಟ್ಟು ಸೋಯಾ ಸಾಗಿಸುತ್ತಾರೆ. ಇಟೈಪು ಅಣೆಕಟ್ಟಿನ ಕರೆಂಟು ಬ್ರೆಜಿಲ್‌ಗೆ ಮಾರುತ್ತಾರೆ. ಕರೆಂಟಿಗೆ ಬಂದರು ಬೇಡ.

ರೈನ್‌ದಂಡೆ

ಪರಾನಾ ನದಿ ಇದ್ದದ್ದು ಭೂಗೋಳವೇ ಅಲ್ವಾ ಸರ್? ಈಗ ನೀವು ನನ್ನ ಮಾತಿಗೆ ಬಂದಿರಿ. ಲಾವೋಸ್ ಕೂಡ ಥಾಯ್ಲೆಂಡಿಗೆ ಕರೆಂಟು ಮಾರುತ್ತದೆ. ಚಾಡ್‌ಗೆ ಅಂಥ ನದಿಯೂ ಇಲ್ಲ, ಪಕ್ಕದಲ್ಲಿ ಅಂಥ ಗಿರಾಕಿಯೂ ಇಲ್ಲ.

ನಕ್ಷೆಪ್ರಿಯ

ತಮ್ಮನಿಗೆ ಇಷ್ಟೆಲ್ಲ ಓದಿಸಿದೆ. ಅವನು ಕೇಳಿದ್ದು: "ಇಥಿಯೋಪಿಯಾಕ್ಕೆ ಅಸಬ್ ವಾಪಸ್ ಕೊಟ್ಟುಬಿಟ್ಟರೆ ಮುಗಿಯಿತಲ್ಲ?" ಮೇಷ್ಟ್ರೇ, ಉತ್ತರ ನೀವೇ ಕೊಡಿ.

ಇಂಜೆರಾ_ಮೇಷ್ಟ್ರು

ಕೊಡುವವರು ಯಾರು? ಎರಿಟ್ರಿಯಾದವರು ಸ್ವಾತಂತ್ರ್ಯಕ್ಕೆ ಮೂವತ್ತು ವರ್ಷ ಹೋರಾಡಿದ್ದಾರೆ. ಅವರ ಮುಂದೆ ಆ ಮಾತು ಎತ್ತಿದರೆ ಯುದ್ಧಕ್ಕೆ ಕರೆದ ಹಾಗೆ. 2018ರಲ್ಲಿ ಇಬ್ಬರೂ ರಾಜಿ ಮಾಡಿಕೊಂಡು ಗಡಿ ತೆರೆದಾಗ ಎಲ್ಲರೂ ಆಸೆ ಪಟ್ಟಿದ್ದೆವು. ಸ್ವಲ್ಪ ದಿನಕ್ಕೆ ದಾರಿಗಳು ಮತ್ತೆ ಮುಚ್ಚಿದವು. 2024ರ ಜನವರಿ 1ರಂದು ಇಥಿಯೋಪಿಯಾ ಸಮುದ್ರಕ್ಕೆ ದಾರಿ ಬೇಕು ಅಂತ, ಸೊಮಾಲಿಯಾದಿಂದ ತಾನೇ ಬೇರೆಯಾಗಿರುವ ಸೊಮಾಲಿಲ್ಯಾಂಡ್ ಜೊತೆ ಒಪ್ಪಂದ ಬರೆದುಕೊಂಡಿತು. ಸೊಮಾಲಿಯಾ ಸಿಟ್ಟಾಯಿತು. ಅದೇ ವರ್ಷದ ಕೊನೆಗೆ ಟರ್ಕಿ ಇಬ್ಬರನ್ನೂ ಅಂಕಾರಾದಲ್ಲಿ ಕೂರಿಸಿ ಸಮಾಧಾನ ಮಾಡಬೇಕಾಯಿತು.

ಜಿಬೂಟಿಯ ಕಡೆಯಿಂದಲೂ ತಮ್ಮನಿಗೆ ಒಮ್ಮೆ ನೋಡಲು ಹೇಳಿ. ಅಲ್ಲಿ ಹೊಲ ಇಲ್ಲ, ನೀರಿಲ್ಲ, ಜನ ಹತ್ತು ಲಕ್ಷದ ಆಸುಪಾಸು. ಇರುವುದು ಜಾಗ ಒಂದೇ, ಕೆಂಪು ಸಮುದ್ರದ ಬಾಯಲ್ಲಿ. ಅದನ್ನೇ ಬಾಡಿಗೆಗೆ ಕೊಟ್ಟು ಬದುಕುತ್ತಾರೆ. ಫ್ರಾನ್ಸ್, ಅಮೆರಿಕ, ಜಪಾನ್ ಸೇನಾ ನೆಲೆ ಅಲ್ಲಿವೆ, 2017ರಿಂದ ಚೀನಾದ್ದೂ ಇದೆ. ಬಂದರಿನ ಮಾಲಿನಲ್ಲಿ ಬಹುಪಾಲು ಇಥಿಯೋಪಿಯಾದ್ದು. ನಾಳೆ ಆ ಮಾಲು ಅಸಬ್‌ಗೋ ಸೊಮಾಲಿಲ್ಯಾಂಡಿನ ಬರ್ಬೆರಾ ಬಂದರಿಗೋ ತಿರುಗಿದರೆ ಜಿಬೂಟಿಯ ಕ್ರೇನುಗಳಿಗೆ ಕೆಲಸ ಇರುವುದಿಲ್ಲ. ಆದ್ದರಿಂದ ದರದ ವಿಷಯದಲ್ಲಿ ಅವರೂ ತೀರಾ ಎಳೆದಾಡುವ ಹಾಗಿಲ್ಲ.

ಬಂದರುಮನೆ

ನಕ್ಷೆಪ್ರಿಯರೇ, ತಮ್ಮನ ಪತ್ರಿಕೆಯಲ್ಲಿ ಇದು ಎಷ್ಟು ಅಂಕದ ಪ್ರಶ್ನೆ?

ನಕ್ಷೆಪ್ರಿಯ

ಎರಡು ಅಂಕ ಸರ್.